ಆರನೇ ತರಗತಿಯ ಗಣಿತಕ್ಕೆ ಆಟ ತಂದ ವರ್ಷ: ಜೂನ್‌ನಿಂದ ಏಪ್ರಿಲ್‌ವರೆಗೆ ಏನೇನಾಯಿತು

ವರ್ಷದ ಕೊನೆಯ ಪರೀಕ್ಷೆಯಾದ ಸಂಕಲನಾತ್ಮಕ ಎರಡರ ಫಲಿತಾಂಶ ಹೇಳಿ, ಪೋಷಕರನ್ನು ಶಾಲೆಗೆ ಕರೆದು ಮಕ್ಕಳ ಕಲಿಕೆ ತೋರಿಸುವ 'ಸಮುದಾಯದತ್ತ ಶಾಲೆ' ಮುಗಿಸಿ, ದಾಖಲೆಗಳನ್ನೆಲ್ಲ ಬೀರುವಿಗೆ ಸೇರಿಸಿ ಮನೆಗೆ ಬಂದಿದ್ದೇನೆ. ಮರೆಯುವ ಮೊದಲೇ ಇದನ್ನು ಬರೆದಿಡುತ್ತಿದ್ದೇನೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಗಳಲ್ಲಿ ಸಿಕ್ಕ ಶಿಕ್ಷಕಿಯರೆಲ್ಲ ಹೆಚ್ಚುಕಡಿಮೆ ಒಂದೇ ಮಾತು ಕೇಳಿದರು: "ಆಟ ಆಡಿಸೋಕೆ ನಮಗೂ ಬರುತ್ತೆ ಮೇಡಂ. ಪೋರ್ಷನ್ ಹೆಂಗೆ ಮುಗಿಸಿದ್ರಿ? ಯಾರೂ ಏನೂ ಅನ್ನಲಿಲ್ವಾ?" ಪೋರ್ಷನ್ ಮುಗಿಯಿತು. ಅನ್ನುವವರು ಅಂದರು. ಎರಡನ್ನೂ ಹೇಗೆ ದಾಟಿದೆ ಎಂದು ಹೇಳುತ್ತೇನೆ.

ನನ್ನದು ತುಮಕೂರು ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. 2025-26ರಲ್ಲಿ ಆರನೇ ತರಗತಿಯ ಗಣಿತ ನನ್ನ ಪಾಲಿಗೆ ಬಂತು, ಮಕ್ಕಳು 36. ವೇಳಾಪಟ್ಟಿಯಲ್ಲಿ ಗಣಿತಕ್ಕೆ ಸಿಕ್ಕಿದ್ದು ಬಿಸಿಯೂಟ ಮುಗಿದ ಕೂಡಲೇ ಬರುವ ಅವಧಿ. ಅನ್ನ ಸಾಂಬಾರು ಉಂಡು, ಬಿಸಿಲಲ್ಲಿ ಓಡಾಡಿ ಬಂದು ಕೂತ ಮಕ್ಕಳಿಗೆ ಕಣ್ಣು ಎಳೆಯುತ್ತದೆ, ಅದು ಅವರ ತಪ್ಪಲ್ಲ. ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿತ್ತು. ಈ ಮಕ್ಕಳು ಒಂದನೇ ತರಗತಿಗೆ ದಾಖಲಾಗಿದ್ದು 2020-21ರಲ್ಲಿ, ಕೋವಿಡ್ ವರ್ಷ. ರಾಜ್ಯದಲ್ಲಿ ಒಂದರಿಂದ ಐದನೇ ತರಗತಿಗಳು ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ರಂದು. ಅಂದರೆ ಇವರು ಕೊಠಡಿಯೊಳಗೆ ಕೂತು ಕಲಿಯಲು ಶುರು ಮಾಡಿದ್ದೇ ಎರಡನೇ ತರಗತಿಯ ನಡುವೆ. ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಹುಟ್ಟಿ, 2009-10ರಿಂದ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂದ ನಲಿ-ಕಲಿ ಎಂಬ, ಒಂದರಿಂದ ಮೂರನೇ ತರಗತಿಯ ಚಟುವಟಿಕೆ ಆಧಾರಿತ ಪದ್ಧತಿಯಲ್ಲಿ ಮಕ್ಕಳು ಗುಂಪಿನಲ್ಲಿ ಕೂತು, ಕಾರ್ಡು ಹಿಡಿದು, ಹಂತ ಹಂತವಾಗಿ ಕಲಿಕಾ ಏಣಿ ಹತ್ತುತ್ತಾರೆ. ಈ ತಂಡಕ್ಕೆ ಅದರ ಅರ್ಧ ಭಾಗ ಸಿಕ್ಕೇ ಇರಲಿಲ್ಲ. ಆರಕ್ಕೆ ಬಂದಾಗ ಪುಸ್ತಕದಲ್ಲಿ ಭಿನ್ನರಾಶಿ, ದಶಮಾಂಶ, ಪೂರ್ಣಾಂಕ ಎಲ್ಲವೂ ಸಾಲಾಗಿ ಕಾಯುತ್ತಿದ್ದವು.

ಜೂನ್‌ನಲ್ಲಿ, ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಸೇತುಬಂಧದ ಪೂರ್ವ ಪರೀಕ್ಷೆ ಮಾಡಿದೆ. ಉತ್ತರ ಪತ್ರಿಕೆಗಿಂತ ಹೆಚ್ಚು ನನ್ನನ್ನು ಕಾಡಿದ್ದು ತರಗತಿಯ ಮೌನ. ಪ್ರಶ್ನೆ ಕೇಳಿದರೆ ಮೇಲೇಳುವುದು ಅವೇ ನಾಲ್ಕೈದು ಕೈ. ಉಳಿದವರು ನನ್ನ ಮುಖ ನೋಡುವುದಿಲ್ಲ, ಪುಸ್ತಕದಲ್ಲಿ ತಲೆ ಹುದುಗಿಸುತ್ತಾರೆ. ಆ ನಾಲ್ಕೈದು ಮಕ್ಕಳ ಉತ್ತರ ಕೇಳಿಕೊಂಡೇ "ಎಲ್ಲರಿಗೂ ಅರ್ಥ ಆಯ್ತಾ?" ಎಂದು ಮುಂದೆ ಹೋದರೆ ವರ್ಷಪೂರ್ತಿ ಹಾಗೇ ಹೋಗಬಹುದು, ಯಾರಿಗೂ ತಿಳಿಯುವುದಿಲ್ಲ.

ಹಾಗಾಗಿ ನಾನು ಮೊದಲು ತಂದದ್ದು ಆಟವನ್ನಲ್ಲ, ಕೈ ಎತ್ತುವುದನ್ನು ನಿಲ್ಲಿಸಿದ್ದು. ಪ್ರತಿ ಮಗುವಿನ ಕೈಯಲ್ಲೂ ಒಂದು ಸ್ಲೇಟು. ನಲಿ-ಕಲಿ ಕೊಠಡಿಯಲ್ಲಿ ಹಳೆಯವು ಒಂದಿಷ್ಟು ಸಿಕ್ಕವು, ಉಳಿದವರಿಗೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿ. ಪ್ರಶ್ನೆ ಕೇಳುತ್ತೇನೆ, ಎಲ್ಲರೂ ಬರೆಯುತ್ತಾರೆ, "ಒಂದು, ಎರಡು, ತೋರಿಸಿ" ಅಂದಾಗ ಒಟ್ಟಿಗೇ ಎದೆಗೆ ಹಿಡಿಯುತ್ತಾರೆ. ಪಕ್ಕದವರದು ನೋಡಿ ಬರೆಯಲು ಸಮಯವೇ ಇರುವುದಿಲ್ಲ. ಪ್ರಶ್ನೆ ಕೇಳಿದ ಮೇಲೆ ನಾನು ಸೀಮೆಸುಣ್ಣದಿಂದ ಮೇಜನ್ನು ಮೆಲ್ಲಗೆ ಮೂರು ಸಲ ತಟ್ಟುತ್ತೇನೆ, ಅಲ್ಲಿಯವರೆಗೆ ಯಾರೂ ಬಾಯಿ ಬಿಡುವಂತಿಲ್ಲ. ಇದು ಒಂದು ತರಬೇತಿಯಲ್ಲಿ ಕೇಳಿದ್ದು. ಮೇರಿ ಬಡ್ ರೋವ್ ಎಂಬ ಅಮೆರಿಕದ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ, ಶಿಕ್ಷಕರು ಪ್ರಶ್ನೆ ಕೇಳಿ ಸರಾಸರಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಹೆಚ್ಚು ಮಕ್ಕಳು ಮಾತಾಡುತ್ತಾರೆ ಎಂದು ತೋರಿಸಿದ್ದರು. ಮೂರು ಸೆಕೆಂಡ್ ಅಂದರೆ ಏನು ಮಹಾ ಅನ್ನಿಸುತ್ತದೆ. ಬೋರ್ಡಿನ ಮುಂದೆ ನಿಂತು ಸುಮ್ಮನಿದ್ದು ನೋಡಿ, ಬಹಳ ಉದ್ದ ಅನ್ನಿಸುತ್ತದೆ. ಆ ಮೂರು ತಟ್ಟಿನೊಳಗೇ ಕೊನೆಯ ಸಾಲಿನ ಮಕ್ಕಳು ಬರೆಯಲು ಶುರು ಮಾಡಿದ್ದನ್ನು ನಾನು ಕಂಡೆ. ಇದಕ್ಕೆ ಖರ್ಚು ಸೊನ್ನೆ. ಯಾರಾದರೂ ಒಂದೇ ಒಂದು ಉಪಾಯ ಹೇಳಿ ಅಂದರೆ ನಾನು ಇದನ್ನೇ ಹೇಳುತ್ತೇನೆ.

ಜುಲೈಯಲ್ಲಿ ಮಳೆ ಬಿಡುವು ಕೊಟ್ಟಾಗಲೆಲ್ಲ ಅಂಗಳಕ್ಕೆ ಹೋದೆವು. ಕೆರೆ-ದಡ ಎಲ್ಲರಿಗೂ ಗೊತ್ತಿರುವ ಆಟ: ನೆಲದ ಮೇಲೆ ಗೆರೆ ಎಳೆದು, ಒಂದು ಕಡೆ ಕೆರೆ, ಇನ್ನೊಂದು ಕಡೆ ದಡ. ನಾನು "ಕೆರೆ, ದಡ" ಅನ್ನುವ ಬದಲು ಸಂಖ್ಯೆ ಹೇಳಿದೆ. ಅವಿಭಾಜ್ಯ ಆದರೆ ಕೆರೆಗೆ ಹಾರಬೇಕು, ಭಾಜ್ಯ ಆದರೆ ದಡದಲ್ಲಿ ಇರಬೇಕು. 17 ಅಂದರೆ ಎಲ್ಲರೂ ಕೆರೆಗೆ. 51 ಅಂದಾಗ ಅರ್ಧ ತರಗತಿ ಕೆರೆಗೆ ಹಾರಿತು. "ಮಿಸ್, ಅದು ಯಾವ ಮಗ್ಗೀಲೂ ಬರಲ್ಲ" ಎಂದು ಒಬ್ಬ ಹಟ ಹಿಡಿದ. ಹದಿನೇಳು ಮೂರಲಿ ಎಷ್ಟು ಎಂದು ಕೇಳಿದೆ. ಅವನು ಬೆರಳು ಮಡಿಸಿ ಎಣಿಸಿ, ಒಬ್ಬನೇ ದಡಕ್ಕೆ ನಡೆದು ಬಂದ. ಅವನ ಹಿಂದೆ ಉಳಿದವರು ಬಂದರು.

ಈ ಆಟದ ರೂಢಿ ನಿಯಮ ಏನೆಂದರೆ ತಪ್ಪಿದವರು ಔಟ್. ಅದನ್ನು ನಾನು ಮೊದಲ ದಿನವೇ ಕೈಬಿಟ್ಟೆ, ನೀವೂ ಬಿಡಿ ಎಂದು ಒತ್ತಿ ಹೇಳುತ್ತೇನೆ. ಔಟ್ ಆದ ಮಗು ಯಾವುದು? ಆ ಲೆಕ್ಕ ಬಾರದ ಮಗು. ಅದನ್ನು ಕಟ್ಟೆ ಮೇಲೆ ಕೂರಿಸಿ, ಬಲ್ಲವರಿಗೇ ಮತ್ತೆ ಮತ್ತೆ ಅಭ್ಯಾಸ ಕೊಟ್ಟರೆ ಆಟ ಇದ್ದೂ ಏನು ಬಂತು? ನಮ್ಮಲ್ಲಿ ತಪ್ಪಿದವರು ಮುಂದಿನ ಸಂಖ್ಯೆ ಹೇಳುತ್ತಾರೆ. ಸಂಖ್ಯೆ ಹೇಳಬೇಕಾದರೆ ಅದು ಭಾಜ್ಯವೋ ಅಲ್ಲವೋ ಎಂದು ತಾವೇ ಯೋಚಿಸಬೇಕು, ಹಾಗಾಗಿ ತಪ್ಪಿದವರಿಗೇ ಹೆಚ್ಚು ಅಭ್ಯಾಸ ಸಿಗುತ್ತದೆ. ಬಹುಮಾನವನ್ನೂ ಇಟ್ಟುಕೊಳ್ಳಲಿಲ್ಲ. ಚಾಕೊಲೇಟ್ ಬಂದ ಕೂಡಲೇ ಮಕ್ಕಳ ಕಣ್ಣು ಲೆಕ್ಕದಿಂದ ಚಾಕೊಲೇಟಿಗೆ ಹೋಗುತ್ತದೆ, ಗುಂಪಿನಲ್ಲಿ ನಿಧಾನದ ಮಗುವಿನ ಮೇಲೆ ಉಳಿದವರು ಸಿಟ್ಟಾಗುತ್ತಾರೆ.

ಅಡ್ಡಿಗಳು ಶುರುವಾದದ್ದು ಇಲ್ಲಿಂದ. ಪಕ್ಕದ ಕೊಠಡಿಯ ಸರ್ ಒಂದು ದಿನ ಬಾಗಿಲಲ್ಲಿ ನಿಂತು, "ಮೇಡಂ, ನಿಮ್ಮ ಮಕ್ಕಳ ಗದ್ದಲದಲ್ಲಿ ನನ್ನ ಮಾತು ನನಗೇ ಕೇಳಿಸ್ತಿಲ್ಲ" ಅಂದರು. ಅವರು ಹೇಳಿದ್ದು ನಿಜ. ನಡುವಿನ ಗೋಡೆ ಚಾವಣಿಯವರೆಗೂ ಇಲ್ಲ. ಆಮೇಲೆ ಎರಡು ವ್ಯವಸ್ಥೆ ಮಾಡಿಕೊಂಡೆವು. ಅವರ ತರಗತಿಗೆ ದೈಹಿಕ ಶಿಕ್ಷಣ ಇರುವ ದಿನಗಳಿಗೆ ನನ್ನ ಗದ್ದಲದ ಆಟಗಳು. ಉಳಿದ ದಿನ ಮೂಕ ಆಟ. ಮೂಕ ಆಟ ಹೀಗೆ: ಒಬ್ಬೊಬ್ಬರಿಗೂ ಒಂದು ಭಿನ್ನರಾಶಿಯ ಚೀಟಿ, ಯಾರೂ ಮಾತಾಡದೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ನಿಲ್ಲಬೇಕು. 1/3 ಮತ್ತು 1/4ರ ಚೀಟಿ ಹಿಡಿದ ಇಬ್ಬರು ಒಬ್ಬರನ್ನೊಬ್ಬರು ತಳ್ಳಾಡಿ, ಕೊನೆಗೆ ಒಬ್ಬಳು ರೊಟ್ಟಿ ಮುರಿಯುವಂತೆ ಗಾಳಿಯಲ್ಲಿ ಕೈಯಾಡಿಸಿ ಮೂರು ಭಾಗ, ನಾಲ್ಕು ಭಾಗ ತೋರಿಸಿದಳು. ಆಡಿ ವಿವರಿಸಿದರೂ ಅಷ್ಟು ಚೆನ್ನಾಗಿ ಆಗುತ್ತಿರಲಿಲ್ಲ. ಗದ್ದಲ ನಿಲ್ಲಿಸಲು ನಾನು ಕೂಗುವುದಿಲ್ಲ. ಒಂದು ತಾಳದಲ್ಲಿ ಚಪ್ಪಾಳೆ ತಟ್ಟುತ್ತೇನೆ, ಮಕ್ಕಳು ಅದೇ ತಾಳ ಮರಳಿ ತಟ್ಟಿ ಸುಮ್ಮನಾಗಬೇಕು. ಇದು ರೂಢಿಯಾಗಲು ಜುಲೈ ತಿಂಗಳು ಪೂರ್ತಿ ಬೇಕಾಯಿತು. ರೂಢಿಯಾಗುವ ಮೊದಲು ದೊಡ್ಡ ಆಟಕ್ಕೆ ಕೈ ಹಾಕಬೇಡಿ.

ಮುಖ್ಯ ಶಿಕ್ಷಕರ ಚಿಂತೆ ಬೇರೆ. "ಅಧಿಕಾರಿಗಳು ಬಂದಾಗ ಮಕ್ಕಳು ಅಂಗಳದಲ್ಲಿದ್ರೆ ನಾನೇನು ಹೇಳಲಿ?" ಇದಕ್ಕೆ ಉತ್ತರ ಬಾಯಲ್ಲಿ ಕೊಟ್ಟರೆ ಸಾಲದು, ಕಾಗದದಲ್ಲಿ ಇರಬೇಕು. ಪಾಠ ಯೋಜನೆಯಲ್ಲಿ ಕಲಿಕಾ ಫಲದ ಎದುರು 'ಚಟುವಟಿಕೆ' ಎಂಬಲ್ಲಿ ಆಟದ ಹೆಸರು, ಬೇಕಾಗುವ ನಿಮಿಷ, ಸಾಮಗ್ರಿ ಬರೆಯಿರಿ. ಬರೀ 'ಆಟ' ಎಂದು ಬರೆಯಬೇಡಿ; 'ಕೆರೆ-ದಡ: ಅವಿಭಾಜ್ಯ ಮತ್ತು ಭಾಜ್ಯ ಸಂಖ್ಯೆಗಳನ್ನು ಗುರುತಿಸುವುದು' ಎಂದು ಬರೆಯಿರಿ. ಅದೇ ಆಟವನ್ನು, ವರ್ಷದ ನಡುವೆ ಆಗಾಗ ನಡೆಸುವ ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆಯಾಗಿ ತೆಗೆದುಕೊಂಡು, ಆಡುವಾಗಲೇ ತಪಶೀಲು ಪಟ್ಟಿಯಲ್ಲಿ (ಚೆಕ್‌ಲಿಸ್ಟ್) ಗುರುತು ಹಾಕಿಕೊಂಡರೆ ಬೇರೆ ಚಟುವಟಿಕೆ ಮಾಡಿಸುವ ಹೊತ್ತು ಉಳಿಯುತ್ತದೆ. ಪ್ರತಿ ಪಾಠ ಮುಗಿದ ಮೇಲೆ ಮಾಡುವ ಪಾಠ ಆಧಾರಿತ ಮೌಲ್ಯಾಂಕನದ ಕೆಲಸವೂ ಇರುವಾಗ ಈ ಉಳಿತಾಯ ದೊಡ್ಡದು. ಭೇಟಿಗೆ ಬಂದ ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಪಾಠ ಯೋಜನೆ ಮತ್ತು ಪಟ್ಟಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ನನ್ನನ್ನು ಏನೂ ಕೇಳದೆ ಸಹಿ ಹಾಕಿದರು.

ಪೋರ್ಷನ್ ವಿಷಯ: 40 ನಿಮಿಷದ ಅವಧಿಯಲ್ಲಿ ಆಟಕ್ಕೆ ಹತ್ತರಿಂದ ಹನ್ನೆರಡು ನಿಮಿಷ, ಅದೂ ಪ್ರತಿದಿನ ಅಲ್ಲ. ಆಟ ಪಾಠದ ನಂತರದ ಮನರಂಜನೆ ಆದರೆ ಪೋರ್ಷನ್ ಖಂಡಿತ ಹಿಂದೆ ಬೀಳುತ್ತದೆ. ಆಟವೇ ಅಭ್ಯಾಸದ ಲೆಕ್ಕ ಆಗಬೇಕು. ಕೆರೆ-ದಡ ಆಡಿದ ದಿನ ನಾನು ಪುಸ್ತಕದ ಅಭ್ಯಾಸದಲ್ಲಿ ಆ ಬಗೆಯ ಲೆಕ್ಕಗಳನ್ನು ಬೋರ್ಡಿನಲ್ಲಿ ಮಾಡಿಸುತ್ತಿರಲಿಲ್ಲ, ಮನೆಗೆಲಸಕ್ಕೆ ಕೊಡುತ್ತಿದ್ದೆ.

ಆಗಸ್ಟ್‌ನಲ್ಲಿ ಪ್ಲಿಕರ್ಸ್ ಕಾರ್ಡುಗಳ ಸರದಿ. ಗೊತ್ತಿಲ್ಲದವರಿಗೆ: ಪ್ರತಿ ಮಗುವಿಗೆ ಕಪ್ಪು ಬಿಳುಪು ಚೌಕಗಳ ಒಂದು ಚಿತ್ರ ಇರುವ ಕಾಗದದ ಕಾರ್ಡು. ಅದರ ನಾಲ್ಕು ಬದಿಗೆ ಎ, ಬಿ, ಸಿ, ಡಿ. ಮಗು ತನ್ನ ಉತ್ತರದ ಅಕ್ಷರ ಮೇಲೆ ಬರುವಂತೆ ಕಾರ್ಡು ಹಿಡಿಯುತ್ತದೆ. ಶಿಕ್ಷಕರು ಮೊಬೈಲಿನಲ್ಲಿ ಪ್ಲಿಕರ್ಸ್ ಆ್ಯಪ್ ತೆರೆದು ಕ್ಯಾಮೆರಾವನ್ನು ತರಗತಿಯ ಮೇಲೆ ಒಮ್ಮೆ ಆಡಿಸಿದರೆ ಯಾರು ಯಾವ ಉತ್ತರ ಕೊಟ್ಟರು ಎಂದು ತೋರಿಸುತ್ತದೆ. ಮಕ್ಕಳ ಹತ್ತಿರ ಮೊಬೈಲ್ ಬೇಕಿಲ್ಲ, ನಮ್ಮಂಥ ಶಾಲೆಗೆ ಹೊಂದುವುದು ಅದೇ ಕಾರಣಕ್ಕೆ. ಕಾರ್ಡುಗಳ ಕಡತ ಉಚಿತವಾಗಿ ಸಿಗುತ್ತದೆ. ಉಚಿತ ಖಾತೆಯಲ್ಲಿ ಒಂದು ಸಲಕ್ಕೆ ಹಾಕಬಹುದಾದ ಪ್ರಶ್ನೆಗಳಿಗೆ ಮಿತಿಯಿದೆ, ನನಗೆ ಒಂದು ಅವಧಿಗೆ ಅಷ್ಟು ಸಾಕಾಯಿತು.

ಅದು ತರಗತಿಗೆ ಬರುವಷ್ಟರಲ್ಲಿ ಮೂರು ಕಡೆ ನಿಂತಿತು. ಮೊದಲನೆಯದು ಮೊಬೈಲ್. ಶಿಕ್ಷಕರು ಪಾಠದ ಹೊತ್ತಲ್ಲಿ ಮೊಬೈಲ್ ಹಿಡಿಯಬಾರದು ಎಂಬ ಸೂಚನೆ ಇರುವುದು ಊರಿಗೆಲ್ಲ ಗೊತ್ತು. ಕಿಟಕಿಯಿಂದ ಕಂಡ ಒಬ್ಬ ಪೋಷಕರು ನೇರವಾಗಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಅಧ್ಯಕ್ಷರಿಗೇ ಹೇಳಿದರು: ಮೇಡಂ ಮಕ್ಕಳ ಫೋಟೋ ತೆಗೀತಾರೆ. ಅವರ ಆತಂಕ ನನಗೆ ಅರ್ಥವಾಗುತ್ತದೆ, ನನಗೂ ಮಗಳಿದ್ದಾಳೆ. ಮುಂದಿನ ಎಸ್‌ಡಿಎಂಸಿ ಸಭೆಯವರೆಗೆ ಕಾದೆ. ಸಭೆಯಲ್ಲಿ ಸದಸ್ಯರ ಕೈಗೇ ಕಾರ್ಡು ಕೊಟ್ಟು, ಊರಿಗೆ ಸಂಬಂಧಿಸಿದ ಒಂದು ಪ್ರಶ್ನೆ ಕೇಳಿ, ಪರದೆಯಲ್ಲಿ ಏನು ಕಾಣುತ್ತದೆ ಎಂದು ತೋರಿಸಿದೆ. ಮಕ್ಕಳ ಹೆಸರು ಹಾಕಿಲ್ಲ, ಹಾಜರಾತಿ ಸಂಖ್ಯೆ ಮಾತ್ರ ಹಾಕಿದ್ದೇನೆ ಎಂದೂ ವಿವರಿಸಿದೆ. ಅನುಮತಿ ನಡಾವಳಿ ಪುಸ್ತಕದಲ್ಲಿ ದಾಖಲಾಯಿತು. ಅದರ ಒಂದು ಪ್ರತಿ ಪಾಠ ಯೋಜನೆಯ ಕಡತದಲ್ಲಿ ಇಟ್ಟುಕೊಳ್ಳಿ. ಈ ಕೆಲಸ ಜೂನ್ ಸಭೆಯಲ್ಲೇ ಆಗಿಬಿಟ್ಟರೆ ನಿಮಗೆ ಕಾಯುವುದು ಉಳಿಯುತ್ತದೆ.

ಎರಡನೆಯದು ಲ್ಯಾಮಿನೇಷನ್. ಕಾರ್ಡುಗಳು ಗಟ್ಟಿಯಾಗಿರಲಿ ಎಂದು ಜೆರಾಕ್ಸ್ ಅಂಗಡಿಯವರು ತಾವಾಗಿಯೇ ಹೊಳೆಯುವ ಹಾಳೆಯಲ್ಲಿ ಲ್ಯಾಮಿನೇಟ್ ಮಾಡಿ ಕೊಟ್ಟರು. ನೋಡಲು ಅಂದ. ಆದರೆ ಕಿಟಕಿ ಪಕ್ಕದ ಸಾಲಿನವರ ಕಾರ್ಡಿನ ಮೇಲೆ ಬೆಳಕು ಬಿದ್ದು ಕ್ಯಾಮೆರಾ ಓದುತ್ತಲೇ ಇರಲಿಲ್ಲ. ಆ ಸಾಲಿನ ಮಕ್ಕಳು "ಮಿಸ್, ನಂದು ಬಂತಾ? ನಂದು?" ಎಂದು ಕಾರ್ಡು ಎತ್ತಿ ಎತ್ತಿ ಹಿಡಿದು ಸೋತರು. ಮತ್ತೆ ಮಾಡಿಸಬೇಕಾಯಿತು. ದಪ್ಪ ಕಾಗದದಲ್ಲಿ ಮುದ್ರಿಸಿ, ಹಿಂದೆ ಹಳೇ ನೋಟ್‌ಬುಕ್ಕಿನ ರಟ್ಟು ಅಂಟಿಸಿ, ಅಷ್ಟೇ ಸಾಕು. ಲ್ಯಾಮಿನೇಷನ್ ಬೇಕೇ ಬೇಕು ಅನ್ನುವವರು ಹೊಳಪಿಲ್ಲದ ಮ್ಯಾಟ್ ಹಾಳೆ ಕೇಳಿ ಪಡೆಯಿರಿ. ಬೆರಳು ಚಿತ್ರದ ಮೇಲೆ ಬರದಂತೆ ಅಂಚಿನಲ್ಲಿ ಹಿಡಿಯುವುದನ್ನೂ ಮಕ್ಕಳಿಗೆ ಮೊದಲೇ ಕಲಿಸಬೇಕು. ಎರಡು ಸಲದ ಮುದ್ರಣ, ಲ್ಯಾಮಿನೇಷನ್ ಸೇರಿ ನನ್ನ ಕೈಯಿಂದ ಸುಮಾರು ₹900 ಹೋಯಿತು. ಸರಿಯಾಗಿ ಮಾಡಿದರೆ ₹200ರೊಳಗೆ ಆಗುತ್ತದೆ.

ಮೂರನೆಯದು ನೆಟ್‌ವರ್ಕ್. ನಮ್ಮ ಕೊಠಡಿಯಲ್ಲಿ ಅದು ಬಾಗಿಲ ಹತ್ತಿರ ಮಾತ್ರ ಸಿಗುತ್ತದೆ, ಮಳೆ ಬಂದರೆ ಅಲ್ಲೂ ಇಲ್ಲ. ಆ ದಿನಗಳಿಗೆ ಪರ್ಯಾಯ ಇಟ್ಟುಕೊಂಡಿರಿ: ಎ4 ಹಾಳೆಯನ್ನು ನಾಲ್ಕಾಗಿ ಮಡಿಸಿ, ನಾಲ್ಕು ಮಡಿಕೆಗೂ ಒಂದೊಂದು ಅಕ್ಷರ. ಉತ್ತರದ ಮಡಿಕೆ ನನ್ನ ಕಡೆಗೆ ಹಿಡಿದರೆ ಆಯಿತು. ಯಾರು ಏನು ತೋರಿಸಿದರು ಎಂಬ ದಾಖಲೆ ಉಳಿಯುವುದಿಲ್ಲ, ಆದರೆ ತರಗತಿ ಎಲ್ಲಿ ನಿಂತಿದೆ ಎಂದು ಕಣ್ಣಿಗೆ ಕಾಣುತ್ತದೆ. ಹೊಸದಾಗಿ ಶುರು ಮಾಡುವವರು ಈ ಹಾಳೆಯಿಂದಲೇ ಶುರು ಮಾಡಿ.

ಇಷ್ಟೆಲ್ಲ ಪಟ್ಟದ್ದಕ್ಕೆ ಸಿಕ್ಕಿದ್ದು ಏನು ಎಂದರೆ ಒಂದು ಮಧ್ಯಾಹ್ನದ ಪ್ರಶ್ನೆ. 0.5 ಮತ್ತು 0.25, ಯಾವುದು ದೊಡ್ಡದು? ದಶಮಾಂಶ ಪಾಠ ಚೆನ್ನಾಗಿಯೇ ಆಗಿದೆ ಎಂದು ನಾನು ನಂಬಿದ್ದ ಹೊತ್ತು. ಕೈ ಎತ್ತಿಸಿದ್ದರೆ ಆ ನಾಲ್ಕೈದು ಮಕ್ಕಳು 0.5 ಎನ್ನುತ್ತಿದ್ದರು, ನಾನು ಮುಂದೆ ಹೋಗುತ್ತಿದ್ದೆ. ಮೊಬೈಲ್ ತೋರಿಸಿದ್ದು ಬೇರೆ: ತರಗತಿಯ ಹೆಚ್ಚಿನವರು 0.25 ಎಂದಿದ್ದರು. ಏಕೆ ಎಂದು ಪಕ್ಕದವರಿಗೆ ವಿವರಿಸಿ ಅಂದೆ. ಇಡೀ ವರ್ಷ ಜೋರಾಗಿ ಮಾತಾಡದ ಒಬ್ಬ ಹುಡುಗಿ ಜೊತೆಗಾರ್ತಿಗೆ ಹೇಳುತ್ತಿದ್ದಳು: "ಇಪ್ಪತ್ತೈದು ಐದಕ್ಕಿಂತ ದೊಡ್ಡದು ತಾನೇ?" ಅವಳ ತರ್ಕದಲ್ಲಿ ಕೊರತೆಯೇ ಇರಲಿಲ್ಲ. ಬಿಂದುವಿನ ನಂತರದ ಸ್ಥಾನಕ್ಕೂ ಬೆಲೆಯಿದೆ ಎಂಬುದು ಮಾತ್ರ ಅವಳಿಗೆ ತಲುಪಿರಲಿಲ್ಲ. ನಾವು ಕಲಿತ ಕಾಲದಲ್ಲಿ ಐವತ್ತು ಪೈಸೆ, ನಾಲ್ಕಾಣೆ ತೋರಿಸಿದರೆ ಮುಗಿಯುತ್ತಿತ್ತು. 25 ಪೈಸೆ ನಾಣ್ಯ 2011ರ ಜೂನ್ 30ಕ್ಕೇ ಚಲಾವಣೆಯಿಂದ ಹೋಯಿತು, ಈ ಮಕ್ಕಳು ಅದನ್ನು ಕಂಡೇ ಇಲ್ಲ. ದರ್ಜಿಯ ಟೇಪು ತರಿಸಿದೆ. ಅರ್ಧ ಮೀಟರ್ ರಿಬ್ಬನ್, ಕಾಲು ಮೀಟರ್ ರಿಬ್ಬನ್ ಕತ್ತರಿಸಿ, 0.5 ಮತ್ತು 0.25 ಎಂದು ಚೀಟಿ ಅಂಟಿಸಿ, ಅವಳ ಕೈಗೇ ಎರಡನ್ನೂ ಕೊಟ್ಟೆ. ಎರಡೂ ತುದಿ ಸೇರಿಸಿ ಇಳಿಬಿಟ್ಟು ನೋಡಿದಳು. ಅದೇ ಪ್ರಶ್ನೆಯನ್ನು ಸಂಖ್ಯೆ ಬದಲಿಸಿ ಮರುದಿನ ಕೇಳಿದಾಗ ಕಾರ್ಡುಗಳು ಬಹುಮಟ್ಟಿಗೆ ಸರಿಯಾದ ಕಡೆ ತಿರುಗಿದ್ದವು.

ಇದನ್ನು ಯೋಚಿಸಿ ಪ್ರಶ್ನೆ ಬರೆಯಬೇಕು. ತಪ್ಪು ಉತ್ತರಗಳನ್ನು ಸುಮ್ಮನೆ ತುಂಬಿಸಬೇಡಿ. ಮಕ್ಕಳು ನಿಜವಾಗಿ ಮಾಡುವ ತಪ್ಪುಗಳನ್ನೇ ಬಿ, ಸಿ, ಡಿಯಲ್ಲಿ ಇಡಿ. ಪ್ರಶ್ನೆ ತಯಾರಿಗೆ ನನ್ನ ಸಂಜೆಗಳು ಹೋದವು, ಅದನ್ನು ಮುಚ್ಚಿಡುವುದಿಲ್ಲ.

ದಸರಾ ರಜೆ ಈ ವರ್ಷ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯ ಕೆಲಸದಿಂದಾಗಿ ಅಕ್ಟೋಬರ್ 18ರವರೆಗೆ ಹಿಗ್ಗಿತು. ನಾವು ಮನೆ ಮನೆ ಸುತ್ತಿದೆವು. ಅದರ ಬೆನ್ನಿಗೇ ದೀಪಾವಳಿ. ಶಾಲೆಗೆ ಮರಳಿದಾಗ ಚಪ್ಪಾಳೆಯ ತಾಳವನ್ನೂ ಮಕ್ಕಳು ಮರೆತಿದ್ದರು. ಪೋರ್ಷನ್ ಒತ್ತಡ ಹೆಚ್ಚಾದ ಈ ಹೊತ್ತಲ್ಲೇ ಆಟ ಬಿಟ್ಟುಬಿಡುವ ಮನಸ್ಸಾಗುತ್ತದೆ, ನನಗೂ ಆಯಿತು. ಮೊದಲ ವಾರ ಬರೀ ಸ್ಲೇಟಿನಲ್ಲೇ ನಡೆಸಿದೆ. ಆಮೇಲೆ ಪೂರ್ಣಾಂಕಗಳಿಗೆ ಬಂದಾಗ ಬೋರ್ಡು ಸಾಲಲಿಲ್ಲ.

ವರಾಂಡದ ನೆಲದಲ್ಲಿ −10ರಿಂದ +10ರವರೆಗೆ ಸಂಖ್ಯಾರೇಖೆ ಬರೆಸುವ ಆಸೆ. ಶಾಲಾ ಅನುದಾನ ಬಂದ ಮೇಲೆ ನೋಡೋಣ ಎಂದರು ಮುಖ್ಯ ಶಿಕ್ಷಕರು. ಅಲ್ಲಿಯವರೆಗೆ ಸೀಮೆಸುಣ್ಣದ ಗೆರೆ, ಪ್ರತಿ ದಿನ ಕಸ ಗುಡಿಸುವಾಗ ಅಳಿಸಿಹೋಗುತ್ತಿತ್ತು. ಕೊನೆಗೆ ಮಗಳು ಏಳನೇ ತರಗತಿಯಲ್ಲಿರುವ ಪೇಂಟರ್ ಒಬ್ಬರು, "ಬಣ್ಣ ನೀವು ಕೊಡ್ಸಿ ಮೇಡಂ, ಕೂಲಿ ಬೇಡ" ಅಂದರು. ಬಿಳಿ, ಕೆಂಪು ಎನಾಮೆಲ್ ಬಣ್ಣ, ಬ್ರಷ್, ಟರ್ಪೆಂಟೈನ್‌ಗೆ ₹640. ಶುಕ್ರವಾರ ಸಂಜೆ ಬರೆಸಿ, ಶನಿವಾರ ಬೆಳಗಿನ ಶಾಲೆಗೆ ಹಗ್ಗ ಕಟ್ಟಿ ತಡೆದು, ಸೋಮವಾರಕ್ಕೆ ಬಿಟ್ಟೆವು. ರಸೀದಿ ಶಾಲೆಯ ಹೆಸರಿಗೇ ಇರಲಿ, ದಿನಾಂಕ ಸರಿಯಾಗಿರಲಿ. ಅನುದಾನ ಬಂದಾಗ ನನ್ನ ₹640 ಹಿಂದಕ್ಕೆ ಬಂದದ್ದು ಆ ಒಂದು ರಸೀದಿಯಿಂದ. ಕಾರ್ಡಿನ ಹಣಕ್ಕೆ ರಸೀದಿ ಬರೆಸಿರಲಿಲ್ಲ, ಅದು ಬರಲಿಲ್ಲ.

ಆಟದ ಕ್ರಮ ಹೀಗಿದೆ. ಮಗು ಮೊದಲ ಸಂಖ್ಯೆಯ ಮೇಲೆ ನಿಲ್ಲುತ್ತದೆ. ಕೂಡುವುದಾದರೆ ಧನ ದಿಕ್ಕಿಗೆ ಮುಖ, ಕಳೆಯುವುದಾದರೆ ಋಣ ದಿಕ್ಕಿಗೆ ಮುಖ. ಎರಡನೇ ಸಂಖ್ಯೆ ಧನವಾದರೆ ಮುಂದಕ್ಕೆ ಹೆಜ್ಜೆ, ಋಣವಾದರೆ ಬೆನ್ನ ಹಿಂದಕ್ಕೆ ಹೆಜ್ಜೆ. 3 − (−4) ಎಂದರೆ: 3ರ ಮೇಲೆ ನಿಂತು, ಋಣ ದಿಕ್ಕಿಗೆ ತಿರುಗಿ, ನಾಲ್ಕು ಹೆಜ್ಜೆ ಹಿಂದಕ್ಕೆ. ಕಾಲು 7ರ ಮೇಲೆ ಬಂದು ನಿಲ್ಲುತ್ತದೆ. 'ಮೈನಸ್ ಮೈನಸ್ ಪ್ಲಸ್' ಎಂದು ಬಾಯಿಪಾಠ ಮಾಡಿಸಿದ್ದಕ್ಕಿಂತ ಇದು ಗಟ್ಟಿಯಾಗಿ ಉಳಿಯಿತು. ಪರೀಕ್ಷೆಯಲ್ಲಿ ಕೆಲವರು ಕೂತಲ್ಲೇ ಮೇಜಿನ ಮೇಲೆ ಎರಡು ಬೆರಳು ನಡೆಸುತ್ತಿದ್ದರು, ಹಿಂದಕ್ಕೆ ಮುಂದಕ್ಕೆ.

ಡಿಸೆಂಬರ್‌ನ ಪೋಷಕರ ಸಭೆ ನಾನು ಹೆದರಿದ್ದ ದಿನ. "ಆಟ ಆಡೋಕಾದ್ರೆ ಮನೇಲೇ ಇರ್ತಿದ್ವಲ್ಲ ಮಿಸ್, ಸ್ಕೂಲಿಗ್ಯಾಕೆ ಕಳಿಸ್ಬೇಕು?" ಎಂದು ಒಬ್ಬ ತಂದೆ ನೇರವಾಗಿ ಕೇಳಿದರು. ಭಾಷಣ ಮಾಡಲಿಲ್ಲ. ಅಳಗುಳಿಮಣೆ ತಂದಿಟ್ಟಿದ್ದೆ, ಹದಿನಾಲ್ಕು ಗುಳಿ, ಗುಳಿಗೆ ಐದೈದು ಹುಣಸೆಬೀಜ. ಮೊಮ್ಮಗನ ಪರವಾಗಿ ಬಂದಿದ್ದ ಒಬ್ಬ ಅಜ್ಜಿಯನ್ನು ಆಡಲು ಕೂರಿಸಿದೆ. ಅವರು ಬೀಜ ಎತ್ತುವ ಮೊದಲೇ ಕೊನೆ ಬೀಜ ಯಾವ ಗುಳಿಗೆ ಬೀಳುತ್ತದೆ ಎಂದು ಹೇಳಿ ಹೇಳಿ ಆಡಿದರು. "ಅಜ್ಜಿ, ಲೆಕ್ಕ ಎಲ್ಲಿ ಕಲಿತ್ರಿ?" ಅಂದೆ. "ಲೆಕ್ಕ ಎಲ್ಲೈತೆ ಟೀಚರಮ್ಮ, ಆಡ್ತಾ ಆಡ್ತಾ ಬತ್ತದೆ" ಅಂದರು. ಪ್ರಶ್ನೆ ಕೇಳಿದ ತಂದೆ ಆಮೇಲೆ ಮಗನ ನೋಟ್‌ಬುಕ್ ತೆಗೆದು ನೋಡಿದರು, ತಿದ್ದಿದ ಲೆಕ್ಕಗಳಿದ್ದವು. ಅವರಿಗೆ ಬೇಕಾಗಿದ್ದು ಅದು. ಆಟ ಆಡಿಸಿದ ದಿನವೂ ನೋಟ್‌ಬುಕ್ಕಿನಲ್ಲಿ ಎರಡು ಲೆಕ್ಕ ಬರೆಸಿ, ದಿನಾಂಕ ಹಾಕಿಸಿ, ತಿದ್ದಿ. ಪೋಷಕರು ನೋಡುವುದು ಅದನ್ನೇ.

ಫಲಿತಾಂಶದ ಬಗ್ಗೆ ಉತ್ಪ್ರೇಕ್ಷೆ ಮಾಡುವುದಿಲ್ಲ. ಎಲ್ಲರೂ ಎ ಗ್ರೇಡ್ ತೆಗೆಯಲಿಲ್ಲ. ಭಾಗಾಕಾರದಲ್ಲಿ ಇನ್ನೂ ತಡವರಿಸುವ ಮಕ್ಕಳಿದ್ದಾರೆ, ಅವರಿಗೆ ಆಟ ಸಾಲದು, ಪಕ್ಕ ಕೂತು ಹೇಳಿಕೊಡಬೇಕು. ಆದರೆ ಖಾಲಿ ಬಿಟ್ಟ ಪ್ರಶ್ನೆಗಳು ಬಹಳ ಕಡಿಮೆಯಾದವು, ತಪ್ಪಾದರೂ ಬರೆದಿದ್ದರು. ಮಧ್ಯಾಹ್ನದ ಅವಧಿಗೆ ಗೈರಾಗಿ ಮನೆಗೆ ಹೋಗುತ್ತಿದ್ದ ಇಬ್ಬರು ಉಳಿಯತೊಡಗಿದರು.

ಮುಂದಿನ ವರ್ಷಕ್ಕೆ ಮಾಡಬೇಕೆಂದಿರುವವರು ಮೇ ತಿಂಗಳಲ್ಲೇ ಕಾರ್ಡು ಮುದ್ರಿಸಿ ರಟ್ಟು ಅಂಟಿಸಿಟ್ಟುಕೊಳ್ಳಿ. ಜೂನ್‌ನಲ್ಲಿ ದಾಖಲಾತಿ, ಪಠ್ಯಪುಸ್ತಕ ವಿತರಣೆ, ಸೇತುಬಂಧ ಎಲ್ಲ ಒಟ್ಟಿಗೇ ಬರುತ್ತವೆ, ಜೆರಾಕ್ಸ್ ಅಂಗಡಿಯಲ್ಲೂ ಸಾಲು ನಿಲ್ಲಬೇಕು. ಜಾಗ, ಅನುದಾನ, ನೆಟ್‌ವರ್ಕ್ ಯಾವುದೂ ಇಲ್ಲದವರು ಕ್ಯಾಲೆಂಡರ್ ಹಾಳೆ ಕೂಡಿಡಿ. ನಮ್ಮ ಶಾಲೆಯಲ್ಲಿ ಏಳನೇ ತರಗತಿಗೆ ಹೋಗುತ್ತಿರುವ ಈ ಮಕ್ಕಳಿಗಾಗಿ ಪಕ್ಕದ ಕೊಠಡಿಯ ಸರ್ ವಿಜ್ಞಾನಕ್ಕೂ ಒಂದು ಕಟ್ಟು ಕಾರ್ಡು ಕೇಳಿದ್ದಾರೆ, ಅದನ್ನು ಈ ವಾರ ಮುದ್ರಿಸಬೇಕು.